ಗೆರೆ ದಾಟಿದ ಚೆಂಡಿಗೆ ಗೋಲ್ ಕೊಟ್ಟ ಆ ರಾತ್ರಿ

ಇವತ್ತು ಊಟದ ಹೊತ್ತಲ್ಲಿ ಆಫೀಸಿನವನೊಬ್ಬ "ಇಂಡಿಯಾ ಫುಟ್‌ಬಾಲಾ? ಬಾಂಗ್ಲಾದೇಶದ ಹತ್ರಾನೂ ಸೋತ್ರಲ್ಲ ಮಾರಾಯ" ಅಂತ ನಕ್ಕ. ಮೈಯೆಲ್ಲ ಉರಿದುಹೋಯ್ತು. ಸೋತಿದ್ದು ನಿಜ. 2025ರ ನವೆಂಬರ್ 18, ಢಾಕಾ, 1-0. ಆದರೆ ನಾವು ಬಾಂಗ್ಲಾದೇಶವಿದ್ದ ಆ ಏಷ್ಯನ್ ಕಪ್ ಅರ್ಹತಾ ಗುಂಪಿಗೆ ಬಂದು ಬಿದ್ದಿದ್ದು ಹೇಗೆ ಅಂತ ಒಬ್ಬರಿಗೂ ನೆನಪಿಲ್ಲ. ನನಗಿದೆ.

2024ರ ಜೂನ್ 11. ದೋಹಾದಲ್ಲಿ ಕತಾರ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ಗೆದ್ದರೆ ನಮಗೆ ಯಾವತ್ತೂ ದಕ್ಕದ ಮೂರನೇ ಸುತ್ತು, ಸೋತರೆ ಮನೆ. ಐದು ದಿನದ ಹಿಂದಷ್ಟೇ ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0 ಆಡಿ ನಾಯಕ ಸುನಿಲ್ ಚೆಟ್ರಿ ವಿದಾಯ ಹೇಳಿದ್ದರು. ದೋಹಾದಲ್ಲಿ ನಾಯಕ ನಮ್ಮ ಬೆಂಗಳೂರು ಎಫ್‌ಸಿ ಗೋಲ್‌ಕೀಪರ್ ಗುರ್‌ಪ್ರೀತ್.

ಮನೆಯ ಟಿವಿಯಲ್ಲಿ ಆವತ್ತು ಟಿ20 ವಿಶ್ವಕಪ್. ಅದೂ ಪಾಕಿಸ್ತಾನ-ಕೆನಡಾ! ನಾನು, ಮೇಲಿನ ಮನೆಯ ಎಂಟನೇ ಕ್ಲಾಸಿನ ಹುಡುಗ ಇಬ್ಬರೂ ಅಡುಗೆಮನೆ ಕಟ್ಟೆ ಮೇಲೆ ಚೊಂಬಿಗೆ ಮೊಬೈಲ್ ಒರಗಿಸಿಟ್ಟುಕೊಂಡು ನೋಡಿದೆವು. 37ನೇ ನಿಮಿಷಕ್ಕೆ ನಮ್ಮ ಛಾಂಗ್ಟೆ ಗೋಲ್ ಹೊಡೆದಾಗ ಹುಡುಗ ಕುಣಿದ ರಭಸಕ್ಕೆ ಚೊಂಬು ಉರುಳಿ ನೀರೆಲ್ಲ ಚೆಲ್ಲಿತು. ಒರೆಸುವವರು ಯಾರು, ನಾವು ಹಾಗೇ ನೀರಲ್ಲೇ ನಿಂತು ನೋಡಿದೆವು.

73ನೇ ನಿಮಿಷ. ಫ್ರೀ ಕಿಕ್‌ನಿಂದ ಬಂದ ಚೆಂಡಿಗೆ ಕತಾರಿನ ಯೂಸೆಫ್ ಐಮನ್ ತಲೆ ಕೊಟ್ಟ. ಗುರ್‌ಪ್ರೀತ್ ಬಿದ್ದು ತಡೆದರು. ಚೆಂಡು ಅವರನ್ನು ದಾಟಿ ಗೋಲ್ ಕಂಬದ ಹೊರಪಕ್ಕದಲ್ಲಿ ಉರುಳಿ ಮೈದಾನದ ಗೆರೆಯಾಚೆ ಹೋಯ್ತು. ಪೂರ್ತಿ ಆಚೆ. ನಮ್ಮವರು ಆಟ ನಿಂತಿತು, ಇನ್ನು ಕಾರ್ನರ್ ಕಿಕ್ ಅಂದುಕೊಂಡು ನಿಂತರು. "ಕಾರ್ನರ್ ಅಂಕಲ್" ಅಂದ ನಮ್ಮ ಹುಡುಗನೂ. ಅಷ್ಟರಲ್ಲಿ ಕತಾರಿನ ಇನ್ನೊಬ್ಬ ಆಚೆಯಿಂದ ಚೆಂಡನ್ನು ಕಾಲಲ್ಲಿ ಒಳಗೆಳೆದುಕೊಟ್ಟ, ಐಮನ್ ಒಳಗೆ ತಳ್ಳಿದ. ರೆಫರಿ ಗೋಲ್ ಕೊಟ್ಟೇಬಿಟ್ಟರು! ನಮ್ಮ ಆಟಗಾರರು ಸುತ್ತುವರಿದು ಕೇಳಿಕೊಂಡರು. ಕ್ಯಾರೇ ಅನ್ನಲಿಲ್ಲ. ಮನಸ್ಸು ಒಡೆದ ನಮ್ಮ ತಂಡದ ಮೇಲೆ 85ನೇ ನಿಮಿಷದಲ್ಲಿ ಕತಾರಿನ ಇನ್ನೊಂದು ಗೋಲ್. 2-1.

ವಿಡಿಯೋ ನೋಡಿ ರೆಫರಿಯ ತಪ್ಪು ತಿದ್ದುವ ವಿಎಆರ್ ಇರಲಿಲ್ಲವಂತೆ. ಆ ಸುತ್ತಿಗೆ ಇಲ್ಲವಂತೆ. ಅದೇ ಜನವರಿಯಲ್ಲಿ, ಅದೇ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಏಷ್ಯನ್ ಕಪ್ ಪಂದ್ಯಗಳು ನಡೆದಾಗ ವಿಎಆರ್ ಇತ್ತು ಸ್ವಾಮಿ! ಐದು ತಿಂಗಳಲ್ಲಿ ಆ ಕ್ಯಾಮೆರಾಗಳು ಎಲ್ಲಿ ಹೋದವು? ನನ್ನ ಅಂಗೈಯಗಲದ ಮೊಬೈಲಲ್ಲಿ ಕಂಡ ಗೆರೆ, ಒಂದು ದೇಶದ ಹಣೆಬರಹ ಬರೆಯುವವರಿಗೆ ಕಾಣಲಿಲ್ಲ ಅಂದರೆ ಹೊಟ್ಟೆ ಉರಿಯದೇ ಇರುತ್ತಾ?

"ಸೀಟಿ ಊದೋವರೆಗೂ ಆಡಬೇಕಿತ್ತು" ಅಂತ ಬುದ್ಧಿ ಹೇಳುವವರನ್ನು ಕಂಡರೆ ಇನ್ನೂ ಸಿಟ್ಟು ಬರುತ್ತದೆ. ಚೆಂಡು ಹೊರಗೆ ಹೋದರೆ ಆಟ ನಿಲ್ಲಬೇಕು, ಅದು ನಿಯಮ. ಸೀಟಿ ಊದಬೇಕಾದವರು ಊದದಿದ್ದರೆ ತಪ್ಪು ನಮ್ಮ ಹುಡುಗರದ್ದಾ?

ಹೌದು, ಅದೇ ಸುತ್ತಿನಲ್ಲಿ ಅದಕ್ಕೂ ಮೊದಲು ಗುವಾಹಟಿಯಲ್ಲಿ ಅಫ್ಗಾನಿಸ್ತಾನಕ್ಕೆ 2-1ರಿಂದ ಸೋತಿದ್ದು ನಮ್ಮದೇ ತಪ್ಪು. ಅದಕ್ಕೆ ಬೈಸಿಕೊಂಡಿದ್ದಾಯ್ತು. ಹಾಗಂತ ಹೊರಗೆ ಹೋದ ಚೆಂಡು ಗೋಲ್ ಆಗಿಬಿಡುತ್ತಾ? ದೋಹಾದ ಆ ರಾತ್ರಿಯೇ ನಮ್ಮ ಗುಂಪಿನ ಕುವೈತ್ ತನ್ನ ಪಂದ್ಯ ಗೆದ್ದು 7 ಅಂಕಕ್ಕೆ ಬಂತು. ನಾವು 1-0 ಉಳಿಸಿಕೊಂಡಿದ್ದರೆ 8. ಮೂರನೇ ಸುತ್ತು, ಜೊತೆಗೆ 2027ರ ಏಷ್ಯನ್ ಕಪ್‌ಗೆ ನೇರ ಪ್ರವೇಶ. ನಮ್ಮ ಫೆಡರೇಷನ್ ದೂರು ಕೊಟ್ಟು ತನಿಖೆ ಕೇಳಿತು. ಫಲಿತಾಂಶ ಒಂದಕ್ಷರ ಬದಲಾಗಲಿಲ್ಲ. ಮತ್ತೆ ಏಷ್ಯನ್ ಕಪ್‌ಗೆ ಅರ್ಹತಾ ಗುಂಪು, ಹಾಂಗ್‌ಕಾಂಗ್ ಎದುರು ಕೊನೇ ಗಳಿಗೆಯ ಪೆನಾಲ್ಟಿಗೆ ಸೋಲು, ಮಡಗಾಂವ್‌ನಲ್ಲಿ ಸಿಂಗಪುರದ ಎದುರು ಸೋಲು. ಅಲ್ಲಿಗೆ ಏಷ್ಯನ್ ಕಪ್ಪೂ ಹೋಯ್ತು. ಇದನ್ನೆಲ್ಲ ಆಫೀಸಿನವನಿಗೆ ಹೇಳೋಣ ಅಂದರೆ ಅವನಾಗಲೇ ಕೈ ತೊಳೆಯೋಕೆ ಎದ್ದಿದ್ದ.

ಮೇಲಿನ ಮನೆ ಹುಡುಗ ಈಗಲೂ ಆಸ್ಟಿನ್ ಟೌನ್ ಮೈದಾನದಲ್ಲಿ ಆಡ್ತಾನೆ. ಹೋದ ಭಾನುವಾರ ಚೆಂಡು ಗೆರೆ ದಾಟಿ ಗೋಡೆವರೆಗೂ ಹೋಗಿತ್ತು. ಕೀಪರ್ ಕೈ ಬಿಟ್ಟು ನಿಂತಿದ್ದ. ಇವನು ಅರ್ಧ ಮೈದಾನದಿಂದ ಓಡಿಬರ್ತಾ ಕಿರುಚುತ್ತಿದ್ದ: "ನಿಲ್ಲಬೇಡ್ವೋ, ಹಿಡಿಯೋ ಅದನ್ನ, ಕೊಟ್ಟುಬಿಡ್ತಾರೆ!"