ಬೀಥೋವನ್ ಹುಟ್ಟು ಕಿವುಡರಲ್ಲ

'ಬೀಥೋವನ್ ಹುಟ್ಟು ಕಿವುಡ, ಒಂದು ಸ್ವರವನ್ನೂ ಕೇಳದೆ ಸಂಗೀತ ರಚಿಸಿದ' ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

1770ರಲ್ಲಿ ಜರ್ಮನಿಯ ಬಾನ್ ಊರಿನಲ್ಲಿ ಹುಟ್ಟಿದ ಈ ಸಂಗೀತ ರಚನಕಾರರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ವಿಯೆನ್ನಾದಲ್ಲಿ ಮೊದಲು ಹೆಸರು ಮಾಡಿದ್ದೇ ಪಿಯಾನೋ ನುಡಿಸಿ. ಕಿವಿ ಮಂದವಾಗತೊಡಗಿದ್ದು ಮೂವತ್ತು ತುಂಬುವ ಮೊದಲು. ಇದಕ್ಕೆ ಅವರ ಕಾಗದಗಳೇ ಆಧಾರ. ಪಕ್ಕದಲ್ಲಿದ್ದವರಿಗೆ ದೂರದ ಕೊಳಲು ಕೇಳಿಸುತ್ತಿತ್ತು, ನನಗೆ ಏನೂ ಕೇಳಿಸಲಿಲ್ಲ ಎಂದು 1802ರಲ್ಲಿ ತಮ್ಮಂದಿರನ್ನು ಉದ್ದೇಶಿಸಿ ಸಂಕಟದಿಂದ ಬರೆದಿದ್ದಾರೆ. ಓದಿದರೆ ಕರುಳು ಚುರ್ ಎನ್ನುತ್ತದೆ. ಅವರ ಒಂಬತ್ತನೇ ಸಿಂಫನಿಯನ್ನು (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ಮೊದಲ ಸಲ ನುಡಿಸಿದ 1824ರ ಹೊತ್ತಿಗೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ಕಿವುಡಾಗಿದ್ದರು.

ಪಾಶ್ಚಾತ್ಯ ಸಂಗೀತವನ್ನು ಈಗಷ್ಟೇ ಕೇಳಲು ಶುರುಮಾಡಿದವರು ಇಂಥದ್ದನ್ನು ಬೇಗ ನಂಬಿಬಿಡುತ್ತಾರೆ, ಅಲ್ವಾ? ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.