ಡಲ್ಲಾಸಿನಲ್ಲಿ ಯುಗಾದಿ ಯಾವತ್ತು?

2025ರ ಯುಗಾದಿ ಬೆಂಗಳೂರಿನಲ್ಲಿ ಮಾರ್ಚ್ 30, ಭಾನುವಾರ. ನಾನಿರುವ ಡಲ್ಲಾಸಿಗೆ ಅದು ಹಿಂದಿನ ದಿನವೇ ಬಂದಿತ್ತು. ಅಮಾವಾಸ್ಯೆ ಮುಗಿದದ್ದು ಭಾರತದಲ್ಲಿ 29ರ ಸಂಜೆ ನಾಲ್ಕೂವರೆಗೆ. ಇಲ್ಲಿನ ಗಡಿಯಾರದಲ್ಲಿ ಅದೇ 29ರ ಬೆಳಗಿನ ಆರು. ಸೂರ್ಯ ಹುಟ್ಟಿದ್ದು ಏಳೂಕಾಲರ ಸುಮಾರಿಗೆ, ಅಷ್ಟರಲ್ಲಿ ಪಾಡ್ಯ ಬಂದಾಗಿತ್ತು. ಮಾರನೆಯ ದಿನದ ಸೂರ್ಯೋದಯಕ್ಕೆ ಬಿದಿಗೆ. ಚೈತ್ರ ಶುದ್ಧ ಪಾಡ್ಯ ಸೂರ್ಯೋದಯಕ್ಕೆ ಇರುವ ದಿನವೇ ಯುಗಾದಿ ಎಂದು ಒಪ್ಪಿದ ಮೇಲೆ ಇದರಲ್ಲಿ ವಾದಕ್ಕೇನಿದೆ? ಆದರೂ ನನಗೆ ಗೊತ್ತಿರುವ ಮನೆಗಳಲ್ಲಿ ಹೆಚ್ಚಿನವರು ಬೆಂಗಳೂರಿನ ಕ್ಯಾಲೆಂಡರ್ ನೋಡಿ ಭಾನುವಾರವೇ ಹಬ್ಬ ಮಾಡಿದರು.

ಚೀನೀಯರು ಹೀಗೆ ಮಾಡಿದರೆ ತಪ್ಪಿಲ್ಲ, ಏಕೆಂದರೆ ಅವರ ನಿಯಮವೇ ಹಾಗಿದೆ. ಅಮಾವಾಸ್ಯೆಯ ಕ್ಷಣ ಬೀಜಿಂಗಿನ ಗಡಿಯಾರದಲ್ಲಿ ಯಾವ ತಾರೀಖಿಗೆ ಬೀಳುತ್ತದೋ ಅದೇ ತಿಂಗಳ ಮೊದಲ ದಿನ, ಜಗತ್ತಿನಲ್ಲಿ ಎಲ್ಲೇ ಇದ್ದರೂ ಅದೇ ತಾರೀಖು. 2024ರಲ್ಲಿ ಆ ಕ್ಷಣ ಡಲ್ಲಾಸಿನಲ್ಲಿ ಫೆಬ್ರವರಿ 9ರ ಸಂಜೆ ಬಂತು. ಇಲ್ಲಿನ ಚೀನೀಯರ ಹೊಸ ವರ್ಷ ಮಾತ್ರ 10ಕ್ಕೇ. ವಿಯೆಟ್ನಾಮಿನವರು ಇದನ್ನು ಒಪ್ಪದೆ ತಮ್ಮ ದೇಶದ ಗಡಿಯಾರ ಹಿಡಿದರು. ಗಂಟೆಯೊಂದರ ವ್ಯತ್ಯಾಸ ಅಷ್ಟೇ. ಆದರೆ 1985ರಲ್ಲಿ ಅವರ ಹೊಸ ವರ್ಷ ಜನವರಿ 21ಕ್ಕೆ, ಚೀನಾದ್ದು ಫೆಬ್ರವರಿ 20ಕ್ಕೆ! ಒಂದು ಗಂಟೆ ಹೋಗಿ ಒಂದು ತಿಂಗಳಾಯಿತು.

ಮುಸ್ಲಿಮರದು ಇನ್ನೊಂದು ದಾರಿ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ; ಕೊರತೆ ಬೀಳುವ ಹನ್ನೊಂದು ದಿನಗಳನ್ನು ನಾವೂ ಚೀನೀಯರೂ ಅಧಿಕ ಮಾಸ ಹಾಕಿ ಸರಿದೂಗಿಸುತ್ತೇವೆ. ಅವರು ಆ ಗೋಜಿಗೇ ಹೋಗುವುದಿಲ್ಲ, ಹಾಗಾಗಿ ಅವರ ವರ್ಷಾರಂಭ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಈ ಮೂರೂ ಲೆಕ್ಕದ ಚಂದ್ರ ಒಬ್ಬನೇ ಅನ್ನುವುದು ಕಣ್ಣಿಗೇ ಕಂಡದ್ದು 2024ರ ಏಪ್ರಿಲ್ 8ರಂದು. ಮಧ್ಯಾಹ್ನ ಒಂದೂ ನಲವತ್ತಕ್ಕೆ ಡಲ್ಲಾಸಿನಲ್ಲಿ ಖಗ್ರಾಸ ಸೂರ್ಯಗ್ರಹಣ. ಬೀದಿದೀಪಗಳು ಹೊತ್ತಿಕೊಂಡವು, ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ಕೂಗುತ್ತಿದ್ದರು. ಅದು ಫಾಲ್ಗುಣದ ಅಮಾವಾಸ್ಯೆ. ಯಾವತ್ತೂ ಕಾಣದ ವರ್ಷದ ಕೊನೆ ಅವತ್ತು ನಾಲ್ಕು ನಿಮಿಷಕ್ಕೆ ತುಸು ಕಡಿಮೆ ಹೊತ್ತು ತಲೆಯ ಮೇಲೆ ನಿಂತಿತ್ತು. ಮರುದಿನ ಕ್ರೋಧಿ ಸಂವತ್ಸರದ ಯುಗಾದಿ. ಅದರ ಮರುದಿನ ಇಲ್ಲಿ ಈದ್. ನಮಗೆ ಚಂದ್ರ ಕಾಣಬೇಕಿಲ್ಲ, ಸೂರ್ಯ ಹುಟ್ಟಿದರೆ ಸಾಕು. ಅವರಿಗೆ ಪಡುವಣದಲ್ಲಿ ಎಳೆಚಂದ್ರ ಆಗಬೇಕು. ಅದಕ್ಕೇ ಆ ಈದ್ ಕೇರಳದಲ್ಲಿ ಏಪ್ರಿಲ್ 10, ಭಾರತದ ಬೇರೆ ಬಹುಪಾಲು ಕಡೆ 11. ಯಾರೂ ಯಾರನ್ನೂ ತಪ್ಪೆನ್ನಲಿಲ್ಲ.

ನನ್ನ ತಕರಾರು ಇಷ್ಟೇ. ನಮ್ಮ ಪದ್ಧತಿ ಬೀಜಿಂಗಿನಂತೆ ಒಂದು ರಾಜಧಾನಿಗೆ ಕಟ್ಟಿದ್ದಲ್ಲ. ಪಂಚಾಂಗದಲ್ಲಿ ಇಂಥ ಊರಿನ ಸೂರ್ಯೋದಯಕ್ಕೆ ಗಣಿಸಿದ್ದು ಎಂದು ಬರೆದೇ ಇರುತ್ತದೆ. ಸಂಕಲ್ಪದಲ್ಲೂ ನಿಂತ ಜಾಗ ಹೇಳಬೇಕು. ಗೋದಾವರಿಯ ದಕ್ಷಿಣ ತೀರ ಬಿಟ್ಟು ಇಲ್ಲಿನ ನೆಲದ ಹೆಸರು ಹೇಳುವ ಪುರೋಹಿತರನ್ನು ನಾನೇ ಕೇಳಿದ್ದೇನೆ. ನೆಲ ಇಲ್ಲಿಯದು, ತಿಥಿ ಮಾತ್ರ ಬೆಂಗಳೂರಿನದು ಅಂದರೆ ಹೇಗೆ?

ಅಮ್ಮನಿಗೆ ಶನಿವಾರವೇ ಶುಭಾಶಯ ಹೇಳಿದರೆ "ಹಬ್ಬ ನಾಳೆ ಕಣೋ" ಅನ್ನುತ್ತಾಳೆ, ಅದೂ ಸರಿಯೇ. ಎಲ್ಲರೂ ಒಂದೇ ದಿನ ಮಾಡಿದರೆ ಚೆಂದ ಎನ್ನುವವರಿಗೆ ನನ್ನದೊಂದು ಪ್ರಶ್ನೆಯಿದೆ: ಕನ್ನಡ ಸಂಘದ ಯುಗಾದಿ ಎಂದಾದರೂ ಯುಗಾದಿಯ ದಿನವೇ ನಡೆದದ್ದುಂಟೆ? ಅದು ಸಭಾಂಗಣ ಸಿಕ್ಕ ಶನಿವಾರಕ್ಕೆ.