12 ಪಾಯಿಂಟಿನ ಸಚ್ಚಾರಿತ್ರ್ಯ

ಓಟು ಹತ್ತಿರವಾದಾಗ ಪತ್ರಿಕೆಯ ಒಳಪುಟದಲ್ಲಿ, ಸೀರೆ ಡಿಸ್ಕೌಂಟಿಗೂ ಉತ್ತರಕ್ರಿಯೆಗೂ ನಡುವೆ, ಒಂದು ಚೌಕ ಕಾಣಿಸುತ್ತದಲ್ಲ, ಅದು ನಮೂನೆ ಸಿ-1. ಅಭ್ಯರ್ಥಿ ತನ್ನ ಮೇಲಿನ ಕ್ರಿಮಿನಲ್ ಕೇಸುಗಳನ್ನು ತಾನೇ ದುಡ್ಡು ತೆತ್ತು ಮೂರು ಸಲ ಹಾಕಿಸಬೇಕು. ಅಕ್ಷರ 12 ಪಾಯಿಂಟ್‌ಗಿಂತ ಚಿಕ್ಕದಾಗಕೂಡದು. ದೇವಸ್ಥಾನದ ಬ್ರಹ್ಮಕಲಶಕ್ಕೆ ಶುಭ ಕೋರುವ ಫ್ಲೆಕ್ಸಿನಲ್ಲಿ ಅದೇ ಪುಣ್ಯಾತ್ಮನ ಮೀಸೆಯೇ ಮೂರಡಿ. ಅಲ್ಲಿ ಪಾಯಿಂಟಿನ ಲೆಕ್ಕವಿಲ್ಲ.

ಪಕ್ಷದವರಿಗೆ ಬೇರೆ ಹೋಂವರ್ಕ್, ಸಿ-7. ಕೇಸಿಲ್ಲದವರನ್ನು ಬಿಟ್ಟು ಇವರಿಗೇ ಯಾಕೆ ಟಿಕೆಟ್ ಎಂದು ಆಯ್ಕೆ ಮಾಡಿದ 48 ಗಂಟೆಯೊಳಗೆ ಪ್ರಕಟಿಸಬೇಕು. ಬರೀ ‘ಗೆಲ್ಲುತ್ತಾರೆ’ ಎಂದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಪಾಪ, ಗೊತ್ತಿದ್ದ ಒಂದೇ ಉತ್ತರವನ್ನೂ ಕಿತ್ತುಕೊಂಡರೆ ಮಕ್ಕಳು ಏನು ಬರೆಯಬೇಕು? ‘ಜನಪ್ರಿಯರು, ಸಮಾಜಸೇವಕರು, ಕೇಸು ರಾಜಕೀಯ ಪ್ರೇರಿತ’ ಎಂದು ಬರೆದು, ಹೆಸರು ಬದಲಿಸಿ ಎಲ್ಲರಿಗೂ ಅದನ್ನೇ ಅಂಟಿಸುತ್ತಾರೆ.

ನಮೂನೆಗೋ ಎಲ್ಲರೂ ಸಮಾನರು. ಸುರತ್ಕಲ್ ಟೋಲ್‌ಗೇಟ್ ಕೀಳಿಸಲು ರಸ್ತೆಗಿಳಿದವರ ಮೇಲೂ ಕೇಸು ಬಿದ್ದಿತ್ತು; ಕೇಸು ಬಾಕಿಯಿರುವಾಗ ಅವರಲ್ಲಿ ಯಾರಾದರೂ ಚುನಾವಣೆಗೆ ನಿಂತರೆ ಅವರಿಗೂ ಅದೇ ಚೌಕ. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯಲ್ಲಿ ಪಾರ್ಕಿಂಗ್ ಸಿಗದೆ ದಿನಾ ಶಪಿಸುತ್ತೇವಲ್ಲ, ಆ ರಸ್ತೆಗೆ ಹೆಸರು ಕೊಟ್ಟ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾಯರು ಇವತ್ತು ನಾಮಪತ್ರ ಹಾಕುವುದಿದ್ದರೆ ಅದರ ಜೊತೆ ಕೊಡುವ ಅಫಿಡವಿಟ್ ನಮೂನೆ 26ರಲ್ಲಿ ಜೈಲುವಾಸ ಬರೆಯಬೇಕಿತ್ತು, ಸತ್ಯಾಗ್ರಹ ಮಾಡಿ ಹೋದದ್ದು. ಆಸ್ತಿಯ ಕಾಲಂನಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ. ಇದ್ದದ್ದನ್ನೆಲ್ಲ ಚಳವಳಿಗೆ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಟಿಕೆಟ್ ಹಂಚುವವರು ಬಾಗಿಲಲ್ಲೇ ಕೇಳುತ್ತಿದ್ದರು: ‘ಖರ್ಚಿಗೆ ಏನು ಮಾಡ್ತೀರಿ ರಾಯರೇ?’

ಅತ್ತ ಸರಕಾರಿ ಕಚೇರಿಯಲ್ಲಿ ಜವಾನನಾಗಲು ಹೊರಟ ಹುಡುಗನ ನಡತೆ, ಪೂರ್ವಾಪರವನ್ನು ಪೊಲೀಸರು ವಿಚಾರಿಸಬೇಕು. ಮಂತ್ರಿಯಾಗುವವನಿಗೆ ಆ ರಗಳೆಯಿಲ್ಲ, ತಾನೇ ಬರೆದುಕೊಟ್ಟ ಅಫಿಡವಿಟ್ ಸಾಕು. ಚುನಾವಣಾಧಿಕಾರಿ ನೋಡುವುದು ಕಾಲಂ ಖಾಲಿ ಬಿಟ್ಟಿದ್ದಾನೋ ಎಂದಷ್ಟೇ. ಬರೆದದ್ದು ನಿಜವೋ ಎಂದು ತನಿಖೆ ಮಾಡುವುದು ಅವರ ಕೆಲಸವಲ್ಲ.

ಸುಳ್ಳು ಬರೆದರೆ? ಜನತಾ ಪ್ರಾತಿನಿಧ್ಯ ಕಾಯ್ದೆಯ 125-ಎ ಕಲಂ ಪ್ರಕಾರ ಹೆಚ್ಚೆಂದರೆ 6 ತಿಂಗಳು ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅನರ್ಹನಾಗಲು ಸಾಮಾನ್ಯವಾಗಿ 2 ವರ್ಷದ ಶಿಕ್ಷೆ ಬೇಕು. ಅಂದರೆ ಸಿಕ್ಕಿಬಿದ್ದು, ಕೇಸು ನಡೆದು, ಕೋರ್ಟು ಹೌದು ಇವನು ಸುಳ್ಳುಗಾರ ಎಂದರೂ ಆ ಶಿಕ್ಷೆಯಿಂದ ಕುರ್ಚಿ ಅಲ್ಲಾಡುವುದಿಲ್ಲ. ಇದನ್ನು ಸರಿಮಾಡಿ, ಶಿಕ್ಷೆ ಹೆಚ್ಚಿಸಿ ಎಂದು ಕಾನೂನು ಆಯೋಗ 2014ರಲ್ಲೇ ಬರೆದುಕೊಟ್ಟಿತ್ತು. ತಿದ್ದಬೇಕಾದವರೆಲ್ಲ ಅದೇ ಅಫಿಡವಿಟ್ ಕೊಟ್ಟು ಒಳಗೆ ಹೋದವರು. ಇದರಲ್ಲಿ ನಗಲಿಕ್ಕೆ ಏನುಂಟು ಮಾರಾಯ್ರೆ, ಬರೆದು ಬರೆದು ಸಾಕಾಗಿದೆ.